ಫ್ರೀಜರ್ ಕೆಟ್ಟ ರಾತ್ರಿ

ಉಲಾನ್‌ಬಾತರಿನ ಜನವರಿ, ರಾತ್ರಿ ಹನ್ನೊಂದು.
ನೆಲಮಾಳಿಗೆಯ ಫ್ರೀಜರ್ ಒಮ್ಮೆ ಕೆಮ್ಮಿ
ಸುಮ್ಮನಾಯಿತು.
ನಾನು ಯಾಂಜ್ಮಾ, ಇಲ್ಲಿಯ ಉಗ್ರಾಣದವಳು.
ಏನು ಒಳಗೆ ಹೋಯಿತು, ಏನು ಹೊರಬಂತು,
ಇಪ್ಪತ್ತಾರು ವರ್ಷದಿಂದ ಬರೆದಿಡುತ್ತ ಬಂದಿದ್ದೇನೆ.
ವಹಿಯಲ್ಲಿ ನಾಲ್ಕು ಕಲಮು:
ದಿನಾಂಕ, ವಸ್ತು, ಯಾರದು, ಯಾತಕ್ಕೆ.
ನಾಲ್ಕನೆಯದನ್ನು ಯಾರೂ ನೆಟ್ಟಗೆ ತುಂಬಿದ್ದಿಲ್ಲ.

ಫೋನು ಮಾಡಿದೆ. ಒಬ್ಬೊಬ್ಬರಾಗಿ ಬಂದರು,
ನಿದ್ದೆಗಣ್ಣಿನ ಮೇಲೆ ತುಪ್ಪಳದ ಟೊಪ್ಪಿಗೆ ಎಳೆದುಕೊಂಡು.
ಮೂರನೆಯ ಮಹಡಿಗೆ ಐದನೆಯ ಮಹಡಿಯ ಹೆಸರು ಗೊತ್ತಿಲ್ಲ;
ಹನ್ನೆರಡು ವರ್ಷ ಒಂದೇ ಫ್ರೀಜರಿನ ಬಾಗಿಲು
ತೆರೆದು ಮುಚ್ಚಿದವರು.

"ಮೆಕ್ಯಾನಿಕ್ ಬರುವುದು ಬೆಳಿಗ್ಗೆ" ಎಂದೆ.
ಹಿಮನದಿಯ ನ್ಯಾಮ್‌ಖೂ ತಲೆ ಹಿಡಿದು ಕೂತ.
ಅಲ್ತಾಯಿಯ ನೆತ್ತಿಯಿಂದ ಒಂಟೆಯ ಬೆನ್ನೇರಿ ಬಂದ
ಮಂಜಿನ ಕಂಬ ಅವನದು, ಮೊಳಕ್ಕೊಂದು ಶತಮಾನ.
ಕರಗಿದರೆ ಎರಡು ಬಕೆಟ್ಟು ನೀರು.

ವ್ಯಾಕರಣದ ಮುದುಕಿ ದುಲ್ಮಾ ಕಿಟಕಿಯತ್ತ ನೋಡಿ
"ಹೊರಗೆ ಮೈನಸ್ ಮೂವತ್ತಾರು" ಎಂದಳು.
"ಪೆಟ್ಟಿಗೆ ಸತ್ತದ್ದಕ್ಕೆ ಇಷ್ಟು ಅಳುವೇ?"

ಅಷ್ಟು ಜನ ಡಾಕ್ಟರೇಟು, ಯಾರಿಗೂ ಹೊಳೆದಿರಲಿಲ್ಲ.

ಹೊತ್ತೆವು. ಅಂಗಳದ ಹಿಮದ ಮೇಲೆ ಹರಡಿದೆವು.
ತೋಳದ ಜಠರ ಹದಿನೇಳು, ಕೊನೆಯ ಊಟದ ಸಮೇತ.
ಕೆರೆಯ ತಳದ ಕೆಸರು,
ಅದರೊಳಗೆ ಯಾವುದೋ ಕಾಲದ ವಸಂತಗಳ ಪರಾಗ.
ಗೋರಿಯಿಂದ ಎತ್ತಿದ ಉಣ್ಣೆಯ ಚೂರು;
ಯಾರೋ ತಪ್ಪು ಹೊಲಿದು, ಬಿಚ್ಚಿ,
ಮತ್ತೆ ಹೊಲಿದ ಗುರುತು ಇನ್ನೂ ಇದೆ.
ದುಲ್ಮಾಳ ಮಠದ ಹಸ್ತಪ್ರತಿ, ಹುಳ ಸಾಯಲಿ ಎಂದು ಇಟ್ಟದ್ದು.
ಪಕ್ಕದಲ್ಲೇ ಕೀಟಶಾಸ್ತ್ರದ ಹುಡುಗನ ಡಬ್ಬಿ:
ಅದೇ ಜಾತಿಯ ಹುಳ,
ಎಷ್ಟು ಚಳಿಗೂ ಬದುಕೀತೇ ನೋಡೋಣ ಎಂದು ಇಟ್ಟದ್ದು.
ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಗಣಿತದ ಸರನ್‌ತುಯಾಳದೂ ಒಂದು ಪೆಟ್ಟಿಗೆ.
ತಲೆ ತಗ್ಗಿಸಿ ಹೇಳಿದಳು:
ಬಿಳಿ ತಿಂಗಳ ಹಬ್ಬಕ್ಕೆ ಮಡಿಸಿಟ್ಟ ಮಾಂಸದ ಕಡುಬು, ಮುನ್ನೂರು.

ನಾಯಿಗಳು ಬಂದವು. ಬರದೆ ಏನು.

ಕೋಲು ಸಿಕ್ಕವರು ಸಿಕ್ಕಲ್ಲಿ ಕಾವಲು ನಿಂತರು.
ಜಠರಗಳ ಮುಂದೆ ದುಲ್ಮಾ.
"ಇದನ್ನು ಕೊಯ್ದರೆ ಏನಪ್ಪ ತಿಳಿಯುತ್ತೆ?"
"ಕುರಿ ತಿಂದಿತೋ ಇಲಿ ತಿಂದಿತೋ, ಅಜ್ಜಿ"
ಎಂದ ತೋಳದ ಒಚಿರ್.
ಅವಳು ಬಹಳ ಹೊತ್ತು ಮಾತಾಡಲಿಲ್ಲ.
"ನನ್ನ ಹಸ್ತಪ್ರತಿಯಲ್ಲಿ ತೋಳಕ್ಕೆ 'ಇಲಿಗಳ್ಳ' ಅಂತ ಬರುತ್ತೆ.
ಬರೆದವನ ಕೈತಪ್ಪು ಅಂತ
ಒಂಬತ್ತು ವರ್ಷದ ಹಿಂದೆ ತಿದ್ದಿಬಿಟ್ಟೆ."
ಒಚಿರ್ ಕೈಚೀಲ ಕಳಚಿ, ಬೆರಳು ಸೆಟೆಯುತ್ತಿದ್ದರೂ
ಆ ಶಬ್ದ ಬರೆದುಕೊಂಡ.
ಯಾವ ಪುಟ ಅಂತಲೂ ಕೇಳಿದ.

ಅಡಿಯಲ್ಲಿದ್ದ ತಗಡಿನ ಡಬ್ಬಿಗೆ ಮಾತ್ರ ವಾರಸುದಾರರಿಲ್ಲ.
ನನಗಿಂತ ಹಳೆಯದು, ನನ್ನ ವಹಿಗಿಂತ ಹಳೆಯದು.
ಮಾಸಿದ ಚೀಟಿ: "ತೆರೆಯಬೇಡಿ. ಬರುತ್ತೇನೆ."
ಅಲ್ಲಾಡಿಸಿದರೆ ಒಣಗಿದ ಸದ್ದು.
ಬೀಜ ಎಂದರು ಒಬ್ಬರು. ಹಲ್ಲು ಎಂದರು ಇನ್ನೊಬ್ಬರು.
ದುಲ್ಮಾ ಅಕ್ಷರದ ಬಾಲ ನೋಡಿ,
ಅವಸರದಲ್ಲಿದ್ದ ಎಡಗೈಯವನು, ಎಂದಳು.
ಸರನ್‌ತುಯಾ ಸದ್ದು ಎಣಿಸಿ, ಐದಕ್ಕಿಂತ ಹೆಚ್ಚು, ಎಂದಳು.
ತೆರೆಯೋಣ ಅಂತ ಯಾರೂ ಅನ್ನಲಿಲ್ಲ.

ಬೆಳಿಗ್ಗೆ ಮೆಕ್ಯಾನಿಕ್ ಬಂದು
ಇಲಿ ಕಡಿದ ತಂತಿ ತೋರಿಸಿದ. ಹತ್ತು ನಿಮಿಷದ ಕೆಲಸ.
ಎಲ್ಲ ಒಳಗೆ ಹೋಯಿತು. ಎಲ್ಲರೂ ಮಹಡಿ ಹತ್ತಿದರು,
ಒಬ್ಬರಿಗೊಬ್ಬರು ಸಣ್ಣಗೆ ತಲೆಯಾಡಿಸಿ.

ನಾನು ವಹಿ ತೆರೆದೆ.
ಮಂಜು, ಯಾತಕ್ಕೆ? "ಗಾಳಿಯ ಹಳೆಯ ಲೆಕ್ಕ."
ಕೆಸರು, ಯಾತಕ್ಕೆ? "ಪರಿಶೀಲನೆಯಲ್ಲಿದೆ."
ಡಬ್ಬಿ, ಯಾತಕ್ಕೆ?
ಲೇಖನಿಯ ತುದಿ ಕಾಗದಕ್ಕೆ ತಾಗಿಸಿ, ಮತ್ತೆ ಎತ್ತಿದೆ.
ಕಡುಬಿಗೆ ಮಾತ್ರ ಅನುಮಾನವಿಲ್ಲದೆ ಬರೆದೆ: "ತಿನ್ನಲಿಕ್ಕೆ."

ಹೊರಗೆ ಹೋದದ್ದು ಮುನ್ನೂರು,
ಒಳಗೆ ಬಂದದ್ದು ಇನ್ನೂರ ತೊಂಬತ್ತೆರಡು.
ಸರನ್‌ತುಯಾ ಎರಡು ಸಲ ಎಣಿಸಿ
ನಾಯಿಗಳ ಕಡೆ ನೋಡಿದಳು.
ನಾಯಿಗಳಿಗೆ ಬೇಯಿಸಲು ಬರುವುದಿಲ್ಲ ಅಂತ
ನಾನು ಹೇಳಲಿಲ್ಲ.